ಪಿಂಗಾಣಿ ಹುಡುಗಿಯ ಎಡಗೈ

ನಾನು ಹಲ್ಲು ಮಾಡುವವನು. ಸೇಲಂನ ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಹೊಂದುವಂತೆ ಪಿಂಗಾಣಿ ಹಲ್ಲು ಕಟ್ಟಿ, ಸಣ್ಣ ಕರೆಂಟ್ ಒಲೆಯಲ್ಲಿ ಸುಟ್ಟು ವಾಪಸು ಕಳಿಸುತ್ತೇನೆ. ಬಿಳುಪಿನಲ್ಲಿ ಎಷ್ಟು ಹಳದಿ ಸೇರಿದೆ, ಎಷ್ಟು ಬೂದಿ ಸೇರಿದೆ ಅಂತ ದಿನವಿಡೀ ನೋಡುವವನಿಗೆ ಹಳೇ ಪಿಂಗಾಣಿಯ ಹುಚ್ಚು ಹಿಡಿದದ್ದು ಆಶ್ಚರ್ಯವೇನಲ್ಲ. ಮೊದಲು ಸಿಕ್ಕಿದ್ದು ಸೆವ್ವಾಯ್‌ಪೇಟೆಯ ಗುಜರಿ ಅಂಗಡಿಯಲ್ಲಿ, ಅಂಚು ಒಡೆದ ಒಂದು ಇಂಗ್ಲಿಷ್ ತಟ್ಟೆ. ಬಿಳಿಯ ಮೇಲೆ ನೀಲಿ ಮರ, ನೀಲಿ ಸೇತುವೆ. ತಿರುಗಿಸಿ ನೋಡಿದರೆ ಅಡಿಯಲ್ಲಿ ಮೂರು ಸಣ್ಣ ಚುಕ್ಕೆ. ಸುಡುವಾಗ ಅದನ್ನು ಕೂರಿಸಿದ್ದ ಮೊಳೆಗಳ ಗುರುತು. ನನ್ನ ಹಲ್ಲುಗಳೂ ಒಲೆಯಲ್ಲಿ ಅಂಥದ್ದೇ ಮೊಳೆಗಳ ಮೇಲೆ ಕೂರುತ್ತವೆ. ಎಲ್ಲೋ ಇದ್ದು ಸತ್ತುಹೋದ ಒಬ್ಬ ಕೆಲಸಗಾರ ನನಗೆ ಪರಿಚಯದವನಂತೆ ಕಂಡ.

ಪಕ್ಕದ ಏರ್ಕಾಡು ಗುಡ್ಡದ ಕಾಫಿ ತೋಟದ ಬಂಗಲೆಗಳು ಕೈ ಬದಲಾದಾಗಲೆಲ್ಲ ಇಂಥ ಸಾಮಾನು ಗುಡ್ಡ ಇಳಿದು ಗುಜರಿಗೆ ಬರುತ್ತದೆ. ಜರ್ಮನಿ ಪಕ್ಕದ ಬೊಹೀಮಿಯಾ ಕಡೆಯ ಒಂದು ಕೆಂಪು ಗಾಜಿನ ಲೋಟ ಹಾಗೇ ನನಗೆ ದಕ್ಕಿತು. ಕೆಂಪು ಬರೀ ಮೇಲಿನ ಪದರ. ಅದನ್ನು ಕೊರೆದು ಒಳಗಿನ ಬಿಳಿ ಗಾಜು ಕಾಣುವಂತೆ ಜಿಂಕೆ, ಎಲೆ ಮೂಡಿಸಿದ್ದಾರೆ. ಬೆಳಿಗ್ಗೆ ಏಳು ಗಂಟೆಗೆ ಕಿಟಕಿಯಲ್ಲಿಟ್ಟರೆ ಗೋಡೆಯ ಮೇಲೆ ಜಿಂಕೆಯ ನೆರಳು ಬೀಳುತ್ತದೆ. ಇವುಗಳ ಬಗ್ಗೆ ನನಗೆ ಹೇಳಿಕೊಟ್ಟವರಿಲ್ಲ. ಫೋನಿನಲ್ಲಿ ಓದಿದೆ, ಒಡೆದ ಚೂರುಗಳನ್ನು ಭೂತಗಾಜಿನಲ್ಲಿ ನೋಡಿ ಕಲಿತೆ, ಎರಡು ಸಲ ನಕಲಿ ಮಾಲು ತಂದು ಬುದ್ಧಿ ಕಲಿತೆ.

ಟೀಚರಮ್ಮನನ್ನು ಕಂಡದ್ದು ಒಂದು ಕ್ಲಿನಿಕ್ಕಿನಲ್ಲಿ. ಸ್ಕೂಲ್ ಟೀಚರಾಗಿದ್ದವರು, ಎಪ್ಪತ್ತಾರು ವಯಸ್ಸು, ಏರ್ಕಾಡಿನಿಂದ ಬಂದಿದ್ದರು. ಮುಂದಿನ ಎರಡು ಹಲ್ಲಿನ ಬಣ್ಣ ಹೊಂದಿಸಲು ಡಾಕ್ಟರು ನನ್ನನ್ನು ಕರೆಸಿದ್ದರು. ಬಣ್ಣದ ಪಟ್ಟಿ ಹಿಡಿದು ಅವರ ತುಟಿ ಸರಿಸಿದಾಗ ಅವರು ತಮಿಳು ಬಿಟ್ಟು ತಮ್ಮಷ್ಟಕ್ಕೆ ಗೊಣಗಿದ್ದು ಕನ್ನಡದಲ್ಲಿ. "ಅಯ್ಯೋ, ಬಾಯ್ ನೋಯ್ತೈತೆ." ನಮ್ಮದು ಹರೂರಿನ ಕಡೆ, ಮನೆಯಲ್ಲಿ ಅದೇ ಮಾತು. ಅಲ್ಲಿಂದ ಮಾತು ಬೆಳೆಯಿತು. ನನ್ನ ಫೋನಿನಲ್ಲಿದ್ದ ತಟ್ಟೆ, ಲೋಟಗಳ ಫೋಟೊ ನೋಡಿ ಅವರು ಇನ್ನೊಂದು ಮಾತು ತೆಗೆದರು.

"ತಂಬಿ, ನಮ್ಮನೇಲಿ ಒಂದು ಬೊಂಬೆ ಐತೆ. ಬೆಳ್ಳಗಿನ ಜನದ್ದು. ಕೈ ಮುರ್ದೋಗೈತೆ. ಹಲ್ಲು ಮಾಡ್ದಂಗೆ ಒಂದು ಕೈ ಮಾಡ್ಕೊಡ್ತೀಯಾ?"

ಮುಂದಿನ ಭಾನುವಾರ ಗುಡ್ಡ ಹತ್ತಿದೆ. ಅವರು ಬೀರುವಿನಿಂದ ಟವೆಲ್ಲು ಸುತ್ತಿದ ಗಂಟು ತೆಗೆದು ಮೇಜಿನ ಮೇಲಿಟ್ಟು ಬಿಚ್ಚಿದರು. ಒಂದು ಗೇಣೆತ್ತರದ ಹುಡುಗಿ. ಹೂವಿನ ಲಂಗ, ಚಿನ್ನದ ಬಣ್ಣದ ಚಪ್ಪಲಿ, ತಲೆಗೆ ಹುಲ್ಲಿನ ಟೋಪಿ. ಕಾಲ ಬಳಿ ಒಂದು ಕುರಿಮರಿ. ಹುಡುಗಿಯ ಕುತ್ತಿಗೆಗೆ ನೀಲಿ ರಿಬ್ಬನ್ ಬರೆದಿತ್ತು. ಲಂಗದ ಅಂಚಿನ ಜಾಲರಿ ಒಂದೊಂದು ಎಳೆಯೂ ಪಿಂಗಾಣಿಯದೇ, ಕೂದಲಿನಷ್ಟು ಸಣ್ಣ. ಎಡಗೈ ಮಣಿಕಟ್ಟಿನ ಹತ್ತಿರ ನಿಂತುಹೋಗಿತ್ತು. ಅಡಿಯಲ್ಲಿ ನೀಲಿ ಗುರುತು. ಅದು ಜರ್ಮನಿಯ ಒಳ್ಳೆಯ ಕಾರ್ಖಾನೆಯದೋ, ಅದನ್ನು ನಕಲು ಮಾಡಿದವರದೋ ನನಗೆ ಇವತ್ತಿಗೂ ಖಚಿತವಿಲ್ಲ. ಆದರೆ ಆ ಕ್ಷಣ ಅದು ನನಗೆ ಬೇಕು ಅನ್ನಿಸಿತು. ನಮ್ಮಪ್ಪ ಜೀವಮಾನವೆಲ್ಲ ಕುರಿ ಸಾಕಿದವನು. ಫೋಟೊ ಕಳಿಸಿದ್ದಕ್ಕೆ ಆಮೇಲೆ ಫೋನ್ ಮಾಡಿ, "ಈ ಸೆಪ್ಪಲಿ ಆಕ್ಕೊಂಡು ಕುರಿ ಮೇಸಾಕೆ ಓದ್ರೆ ಕುರಿ ನರಿ ಪಾಲಾಯ್ತದೆ ಕಣ್ಲಾ" ಅಂತ ನಕ್ಕ.

ಟೀಚರಮ್ಮ ಆ ಬೊಂಬೆಯ ಕಥೆ ಹೇಳಿದ್ದು ಅದನ್ನು ನೋಡದೆ, ಕಿಟಕಿಯ ಕಡೆ ಮುಖ ಮಾಡಿ. ಅವರ ಅಮ್ಮ ಬಿಳಿಯರ ಒಂದು ಬಂಗಲೆಯಲ್ಲಿ ಮನೆಗೆಲಸಕ್ಕಿದ್ದರು. ಟೀಚರಮ್ಮನಿಗೆ ಆಗ ಎಂಟು ವರ್ಷ. ಅಮ್ಮ ಅಡುಗೆಮನೆಯಲ್ಲಿದ್ದಾಗ ಹಾಲ್‌ಗೆ ಹೋಗಿ ಈ ಬೊಂಬೆಯ ಕೈ ಹಿಡಿದರು. ಕೈ ಕಿತ್ತು ಅವರ ಮುಷ್ಟಿಗೆ ಬಂತು. ಹೆದರಿ ಅದನ್ನು ಕಾಫಿ ತೊಳೆಯುವ ಕಾಲುವೆಗೆ ಎಸೆದುಬಿಟ್ಟರು. ದೊರೆಸಾನಿ ಕೂಗಾಡಿದಾಗ ಅಮ್ಮ, ಒರೆಸುವಾಗ ತನ್ನ ಕೈಯಲ್ಲಿ ಮುರಿಯಿತು ಅಂದರು. ಮಾರನೇ ದಿನ ಕೆಲಸವೂ ಹೋಯಿತು, ತೋಟದವರು ಇರಲು ಕೊಟ್ಟಿದ್ದ ಲೈನ್ ಮನೆಯೂ ಹೋಯಿತು. ಅಪ್ಪ ಮೊದಲೇ ತೀರಿಕೊಂಡಿದ್ದರು. ಹದಿಮೂರು ವರ್ಷದ ಅಕ್ಕ ಸ್ಕೂಲು ಬಿಟ್ಟು ಬೇರೆ ತೋಟದಲ್ಲಿ ಕಾಫಿ ಹಣ್ಣು ಬಿಡಿಸಲು ಹೋದಳು. ಆ ದುಡಿಮೆಯಲ್ಲೇ ತಂಗಿ ಓದಿ ಟೀಚರಾದದ್ದು.

"ಬೊಂಬೆ ನಿಮ್ಮ ಹತ್ತಿರ ಹೇಗೆ ಬಂತು?"

"ಕಸದ ತೊಟ್ಟೀಲಿ ಆಕಿದ್ರಂತೆ. ಅಮ್ಮ ಎತ್ಕೊಂಡು ಬಂದ್ಳು. ಯಾಕೆ ತಂದ್ಳೋ. ಅಕ್ಕ ಇದನ್ನ ಒಂದು ದಿನಾನೂ ಮುಟ್ಟಿಲ್ಲ. ವಾಳಪಾಡೀಲಿ ಮಗನ ಮನೇಲವ್ಳೆ. ಸಾವು, ಮದ್ವೆ ಅಂದ್ರೆ ಫೋನ್ ಮಾಡ್ತೀವಿ, ಅಷ್ಟೇ." ಬೊಂಬೆಯ ಕಡೆ ತಿರುಗಿ ಅಂದರು, "ಕೈ ಇರೋದನ್ನ ಒಂದು ಸಲ ನೋಡ್ಬೇಕು ತಂಬಿ."

ಒಂದು ರಟ್ಟಿನ ಪೆಟ್ಟಿಗೆಗೆ ಹತ್ತಿ ತುಂಬಿ, ಬೊಂಬೆಯನ್ನು ಮಲಗಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಇಳಿದೆ. ಏರ್ಕಾಡಿನ ಇಪ್ಪತ್ತು ತಿರುವುಗಳನ್ನು ನಾನು ಎಂದೂ ಎಣಿಸಿದವನಲ್ಲ, ಆ ದಿನ ಎಣಿಸಿದೆ. ಪ್ರತಿ ತಿರುವಿನಲ್ಲೂ ಪಕ್ಕದವನ ಭುಜ ಪೆಟ್ಟಿಗೆಗೆ ತಾಗದ ಹಾಗೆ ಮೊಣಕೈ ಅಡ್ಡ ಹಿಡಿದು ಕೂತಿದ್ದೆ. ಇಳಿಯುವಷ್ಟರಲ್ಲಿ ಕೈ ಮರಗಟ್ಟಿತ್ತು.

ಕೈ ಮಾಡುವುದು ಕಷ್ಟವಾಗಲಿಲ್ಲ. ಹಳೇ ಬೊಂಬೆಯನ್ನು ಒಲೆಗಿಟ್ಟರೆ ಸಿಡಿದುಹೋಗುತ್ತದೆ. ಹಾಗಾಗಿ ಹಲ್ಲಿನ ಪಿಂಗಾಣಿಯಲ್ಲೇ ಕೈಯನ್ನು ಬೇರೆಯಾಗಿ ಕಟ್ಟಿ ಸುಟ್ಟೆ. ನಾಲ್ಕನೇ ಸಲಕ್ಕೆ ಬೆರಳುಗಳು ಮನಸ್ಸಿಗೆ ಬಂದವು. ಇನ್ನು ಅಂಟಿಸುವುದು ಬಾಕಿ. ಅದಕ್ಕೆ ಮುಂಚೆ ಬೊಂಬೆಯ ಮೇಲಿನ ಎಪ್ಪತ್ತು ವರ್ಷದ ಹೊಗೆ, ಜಿಡ್ಡು ತೆಗೆಯೋಣ ಅಂತ ಒಂದು ಭಾನುವಾರ ಮಧ್ಯಾಹ್ನ ಬೆಚ್ಚನೆಯ ಸೋಪಿನ ನೀರಿನಲ್ಲಿ ಮುಳುಗಿಸಿಟ್ಟು ಊಟಕ್ಕೆ ಕೂತೆ. ಅದು ನಾನು ಮಾಡಿದ ತಪ್ಪು. ಒಳಗೆ ಏನಿದೆ ಅಂತ ಗೊತ್ತಿಲ್ಲದ ಸಾಮಾನನ್ನು ನೀರಿಗೆ ಹಾಕಬಾರದು ಅಂತ ನನಗೆ ಗೊತ್ತಿತ್ತು.

ಊಟ ಮುಗಿಸಿ ಬಂದು ಎತ್ತಿದೆ. ದೇಹ ಕೈಗೆ ಬಂತು. ತಲೆ ಪಾತ್ರೆಯ ತಳದಲ್ಲೇ ಉಳಿಯಿತು.

ಇನ್ನೊಂದು ಅನಾಹುತ ಆದೀತು ಅಂತ ದೇಹವನ್ನು ಟವೆಲ್ಲಿನ ಮೇಲೆ ಮಲಗಿಸಿ ಹೊರಗೆ ಹೋಗಿ ನೀರು ಕುಡಿದೆ. ಟೀಚರಮ್ಮನ ಮುಖ ಕಣ್ಣೆದುರು ಬಂತು. ಎಂಟು ವರ್ಷಕ್ಕೆ ಅವರು ಕೈ ಮುರಿದರು, ನಲವತ್ತೇಳು ವರ್ಷಕ್ಕೆ ನಾನು ತಲೆ ತೆಗೆದೆ.

ವಾಪಸು ಬಂದಾಗ ಮೊದಲು ಗೊತ್ತಾದದ್ದು ವಾಸನೆ, ಚರ್ಮ ಬೇಯಿಸಿದಂಥದ್ದು. ಹಿಂದೆ ಬಡಗಿಗಳು ಕಾಯಿಸಿ ಹಚ್ಚುತ್ತಿದ್ದ ಅಂಟು, ನಮ್ಮ ಕಡೆ ವಜ್ಜಿರ ಅನ್ನುತ್ತೇವೆ. ಕುತ್ತಿಗೆಯ ಒಡೆದ ಅಂಚಿನಲ್ಲಿ ಅದು ಕಂದು ಲೋಳೆಯಾಗಿ ಕರಗಿ ಜಾರುತ್ತಿತ್ತು. ನೀಲಿ ರಿಬ್ಬನ್ನೂ ಅದರ ಜೊತೆ ಅಳಿಸಿಹೋಗಿತ್ತು. ಸುಟ್ಟ ಬಣ್ಣವಾಗಿದ್ದರೆ ಅಳಿಸುತ್ತಿರಲಿಲ್ಲ. ಬಿರುಕು ಮುಚ್ಚಲು ಯಾರೋ ಮೇಲೆ ಬರೆದದ್ದು ಅದು. ಅಂದರೆ ಈ ತಲೆ ಎಂದೋ ಮುರಿದಿತ್ತು, ಯಾರೋ ಅಂಟಿಸಿದ್ದರು, ನಾನು ಅಂಟನ್ನು ಕರಗಿಸಿದೆ, ಅಷ್ಟೇ. ಸ್ವಲ್ಪ ಉಸಿರು ಬಂತು.

ಆಮೇಲೆ ಕೈ ಕಡೆ ನೋಡಿದೆ. ಮಣಿಕಟ್ಟಿನ ತುದಿಯ ಕಪ್ಪನ್ನು ನಾನು ಜಿಡ್ಡು ಅಂದುಕೊಂಡಿದ್ದೆ. ನೀರಿನಲ್ಲಿ ಅದು ಬಿಟ್ಟುಕೊಂಡಿತ್ತು. ಭೂತಗಾಜು ಹಿಡಿದೆ. ನಡುವೆ ದುಂಡಗೆ ಕೊರೆದ ಒಂದು ತೂತು, ಅದರೊಳಗೆ ತುಕ್ಕು ಹಿಡಿದ ತಂತಿಯ ತುಂಡು, ಸುತ್ತಲೂ ಅದೇ ಕಂದು ಅಂಟು. ಮಗುವೊಂದು ಮುರಿದ ಕೈಯಲ್ಲಿ ತೂತು ಕೊರೆದಿರುವುದಿಲ್ಲ. ಆ ಕೈ ಮೊದಲೇ ಮುರಿದಿತ್ತು. ತಂತಿ ಕೊಟ್ಟು ಅಂಟಿಸಿದ್ದರು. ತಂತಿ ತುಕ್ಕು ಹಿಡಿದು, ಯಾರು ಮುಟ್ಟಿದರೂ ಬರುವ ಸ್ಥಿತಿಯಲ್ಲಿತ್ತು.

ಮೂರು ದಿನ ಕೆಲಸ ನಡೆಯಲಿಲ್ಲ. ಒಬ್ಬರ ಹಲ್ಲನ್ನು ಎರಡು ಸಲ ತಪ್ಪು ಬಣ್ಣದಲ್ಲಿ ಕಟ್ಟಿದೆ. ತಲೆ, ಕೈ ಎರಡನ್ನೂ ಅಂಟಿಸಿ, ರಿಬ್ಬನ್ ಬರೆದು, ಏನೂ ಹೇಳದೆ ಕೊಟ್ಟುಬಿಡಬಹುದಿತ್ತು. ಎಪ್ಪತ್ತಾರು ವರ್ಷದ ಹೆಂಗಸಿಗೆ ಈಗ ಇದನ್ನು ಹೇಳಿ ಯಾರಿಗೆ ಏನು? ಇನ್ನೊಂದು ಯೋಚನೆಯೂ ಬಂತು, ಅದನ್ನೂ ಬರೆಯಲೇಬೇಕು: ನಿಜ ಗೊತ್ತಾದರೆ ಅವರಿಗೆ ಈ ಬೊಂಬೆ ಬೇಡವಾಗಬಹುದು, ನನಗೆ ಸಿಗಬಹುದು. ಆ ಯೋಚನೆ ಬಂದ ಮೇಲೆ ಹೇಳುವುದೂ ಕಷ್ಟವಾಯಿತು, ಹೇಳದಿರುವುದೂ ಕಷ್ಟವಾಯಿತು. ನಾಲ್ಕನೇ ದಿನ ಎರಡು ತುಂಡನ್ನೂ ಭೂತಗಾಜನ್ನೂ ತೆಗೆದುಕೊಂಡು ಬಸ್ ಹತ್ತಿದೆ.

ತಲೆ ಬೇರೆಯಾದದ್ದನ್ನು ಮೊದಲು ಹೇಳಿದೆ. ಟೀಚರಮ್ಮ ತುಂಡುಗಳನ್ನೂ ನನ್ನನ್ನೂ ನೋಡಿದರು. ಆಮೇಲೆ ಮಣಿಕಟ್ಟಿನ ತುದಿಯನ್ನು ಬೆಳಕಿಗೆ ಹಿಡಿದು, ಭೂತಗಾಜು ಅವರ ಕೈಗೆ ಕೊಟ್ಟು ತೋರಿಸಿದೆ. ತೂತು, ತಂತಿ, ಅಂಟು. ಅವರು ಬಹಳ ಹೊತ್ತು ನೋಡಿದರು. ಅಳುತ್ತಾರೆ ಅಂದುಕೊಂಡಿದ್ದೆ. ತಲೆ ಎತ್ತಿದಾಗ ಅವರ ಮುಖ ಬಿಗಿದಿತ್ತು.

"ನಾನು ಎಳೀಲಿಲ್ಲ," ಅಂದರು. "ಮುಟ್ದೆ ಅಷ್ಟೇ ಅಂತ ಅವತ್ತೇ ಅಕ್ಕನ ತಾವ ಏಳ್ದೆ. ಸುಳ್ಳಿ ಅಂದ್ಳು." ಫೋನ್ ತೆಗೆದು ಅಕ್ಕನ ನಂಬರು ಒತ್ತಿ ಸ್ಪೀಕರ್ ಹಾಕಿ ನನ್ನ ಮುಂದಿಟ್ಟರು. "ಅಕ್ಕಂಗೆ ಏಳು. ನೀನೇ ಏಳು. ನಾನು ಏಳಿದ್ರೆ ನಂಬಾಕಿಲ್ಲ."

ಆ ಕಡೆಯಿಂದ ಒರಟು ದನಿ. "ಯಾರು ಸತ್ರು?"

"ಯಾರೂ ಸಾಯ್ಲಿಲ್ಲ. ಒಬ್ರು ಮಾತಾಡ್ತಾರೆ, ಕೇಳು."

ನಾನು ಯಾರು, ಏನು ಕೆಲಸ, ಬೊಂಬೆ ನನ್ನ ಹತ್ತಿರ ಹೇಗೆ ಬಂತು, ಎಲ್ಲ ಹೇಳಿದೆ. ಕೈ ಮೊದಲೇ ಮುರಿದಿದ್ದದ್ದು, ತಂತಿ, ಅಂಟು. ಆ ಕಡೆ ಟಿವಿಯ ಸದ್ದು ನಿಂತಿತು. ಲೈನ್ ಹೋಯಿತೇನೋ ಅಂತ ಫೋನ್ ನೋಡಿದೆ, ಹೋಗಿರಲಿಲ್ಲ.

"ಆ ದೊರೆಸಾನಿಗೆ ಗೊತ್ತಿತ್ತಾ?" ಅಂತ ಅಕ್ಕ ಕೇಳಿದರು.

"ಅದು ನನಗೆ ಹೇಳೋಕಾಗಲ್ಲಮ್ಮ. ಅಂಟಿಸಿದ್ದನ್ನು ಸರಿಯಾಗಿದೆ ಅಂತ ಮಾರೋರು ಇರ್ತಾರೆ. ಅವರೂ ಮೋಸ ಹೋಗಿರಬಹುದು."

"ಇಲ್ಲ," ಅಂದರು ಅಕ್ಕ. "ಅವ್ಳಿಗೆ ಗೊತ್ತಿತ್ತು. ಆ ಬೊಂಬೇನ ಅಮ್ಮ ಒರೆಸ್ತಾನೇ ಇರ್ಲಿಲ್ಲ. ದೊರೆಸಾನಿ ಯಾರನ್ನೂ ಮುಟ್ಟಾಕೆ ಬುಡ್ತಿರ್ಲಿಲ್ಲ. ಒಂದು ಕೋಳಿ ಪುಕ್ಕ ಇಟ್ಕೊಂಡು ತಾನೇ ಒರೆಸೋಳು, ನಾನು ಕಂಡಿದೀನಿ. ಅಮ್ಮ ಒರೆಸ್ವಾಗ ಮುರೀತು ಅಂದಾಗ ಅದು ಸುಳ್ಳು ಅಂತ್ಲೂ ಅವ್ಳಿಗೆ ಗೊತ್ತಿತ್ತು."

ಟೀಚರಮ್ಮ ಮೇಜಿನ ಅಂಚು ಹಿಡಿದುಕೊಂಡರು. "ಅಕ್ಕಾ, ಇದನ್ನ ನೀನು ಯಾವತ್ತೂ ಏಳ್ಲಿಲ್ವಲ್ಲ."

"ನೀನು ಯಾವತ್ತು ಕೇಳ್ದೆ?"

ಫೋನ್ ಕಟ್ಟಾಯಿತು. ಟೀಚರಮ್ಮ ಮತ್ತೆ ಮಾಡಲಿಲ್ಲ. ಕಾಫಿ ಮಾಡಿ ತಂದರು, ಸಕ್ಕರೆ ಮರೆತಿದ್ದರು, ನಾನು ಹಾಗೇ ಕುಡಿದೆ. ಬೊಂಬೆ ನಿಮಗೆ ಬೇಕೋ ಬೇಡವೋ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ, ತುಂಡುಗಳನ್ನು ಹತ್ತಿಯಲ್ಲಿ ಸುತ್ತಿ ವಾಪಸು ತಂದೆ.

ಎರಡು ವಾರದ ಮೇಲೆ ಕರೆಸಿದರು. ತಲೆಯನ್ನು ಅಷ್ಟರಲ್ಲಿ ಕೂರಿಸಿದ್ದೆ, ರಿಬ್ಬನ್ ಬರೆದಿರಲಿಲ್ಲ. ಬಿರುಕು ಕಾಣಲಿ ಅಂತ ಅವರೇ ಹೇಳಿದ್ದರು. ಮನೆಯೊಳಗೆ ಹೋದರೆ ಕುರ್ಚಿಯಲ್ಲಿ ಎತ್ತರದ ಒಬ್ಬ ಮುದುಕಿ. ಬಲಗೈಯ ಬೆರಳುಗಳು ಡೊಂಕಾಗಿದ್ದವು. ಅಕ್ಕ ಬಂದಿದ್ದರು. ಬೊಂಬೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು.

"ಇಷ್ಟೇನಾ? ದೊಡ್ಡದಿತ್ತು ಅಂದ್ಕೊಂಡಿದ್ದೆ."

ಕೈ ಅಂಟಿಸಬೇಕೇ ಅಂತ ಕೇಳಿದೆ. ತಂಗಿ ಅಕ್ಕನ ಮುಖ ನೋಡಿದರು. ಅಕ್ಕ, "ಆಕು" ಅಂದರು.

ಅವರ ಕಣ್ಣೆದುರಿಗೇ ಅಂಟಿಸಿದೆ. ಅಂಟು ಹಿಡಿಯುವವರೆಗೆ ಕೈಯನ್ನು ಅಲುಗಿಸದೆ ಒತ್ತಿ ಹಿಡಿಯಬೇಕು. ಒಂದು ಕೂದಲಷ್ಟು ಜಾರಿದರೂ ಬೆರಳು ಬೇರೆ ಕಡೆ ತಿರುಗುತ್ತದೆ. ಉಸಿರು ಬಿಗಿಹಿಡಿದು ಕೂತಿದ್ದೆ. ಅವರಿಬ್ಬರೂ ನನ್ನನ್ನು ಮರೆತು, ಲೈನ್ ಮನೆಯ ಬಾವಿ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ಜಗಳ ಶುರು ಮಾಡಿದರು. ಅಕ್ಕನ ದನಿ ಏರಿತು, ತಂಗಿಯ ದನಿ ಅದಕ್ಕಿಂತ ಏರಿತು. ಯಾರಾದರೂ ಮೇಜಿಗೆ ಗುದ್ದಿದರೆ ನನ್ನ ಕೆಲಸ ಹಾಳು. ಗುದ್ದಲಿಲ್ಲ.

ನಾನು ಕೈ ತೆಗೆದ ಮೇಲೆ ಅಕ್ಕ ಬೊಂಬೆಯನ್ನು ಎತ್ತಿಕೊಂಡರು. "ನೀನು ಇಷ್ಟು ವರ್ಸ ಇಟ್ಕೊಂಡಿದ್ದು ಸಾಕು. ಇನ್ನು ನನ್ನ ತಾವ ಇರ್ಲಿ." ತಂಗಿ ತಲೆಯಾಡಿಸಿ ಒಪ್ಪಿದರು. ಅಂಟು ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು ಅಂತ ನಾನು ಬೇಡಿಕೊಂಡೆ. ಅದಕ್ಕಾಗಿ ಅಕ್ಕ ಆ ದಿನ ತಂಗಿಯ ಮನೆಯಲ್ಲೇ ಉಳಿದರು. ಒಂದು ದಿನ ಅಂದದ್ದು ಎಂಟು ದಿನವಾಯಿತು ಅಂತ ಆಮೇಲೆ ಗೊತ್ತಾಯಿತು.