ಮೊದಲ ನೀರನ್ನು ಚೆಲ್ಲಲು ಕಲಿತದ್ದು

ಕೆನ್ಯಾದ ಈ ಬೆಟ್ಟದಲ್ಲಿ ಮೊದಲ ಬೆಳಿಗ್ಗೆ ಕಂಡದ್ದು: ನೆಲ ಹೊಗೆಯಾಡುತ್ತಿದೆ, ಗಾಳಿಗೆ ಕೊಳೆತ ಮೊಟ್ಟೆಯ ವಾಸನೆ, ಪೈಪಿನಾಚೆಯಿಂದ ಜಿರಾಫೆಯೊಂದು ಮೇಲಧಿಕಾರಿಯ ಗತ್ತಿನಲ್ಲಿ ನನ್ನ ಕೆಲಸ ನೋಡುತ್ತಿದೆ. ಮಂಡ್ಯದ ಕಡೆ ನೆಲ ಹೊಗೆಯಾಡಿದರೆ ಯಾರೋ ಕಬ್ಬಿನ ತರಗಿಗೆ ಬೆಂಕಿ ಇಟ್ಟಿರುತ್ತಾರೆ. ಇಲ್ಲಿ ಇಟ್ಟವರು ಯಾರೆಂದು ವಿಚಾರಿಸುವಂತಿಲ್ಲ.

ಪಾತಾಳದ ಬಿಸಿನೀರೂ ಹಬೆಯೂ ಒಂದೇ ಪೈಪಿನಲ್ಲಿ ಬಂದು ಕರೆಂಟು ಹುಟ್ಟಿಸುತ್ತವೆ. ಅವೆರಡನ್ನೂ ಬೇರ್ಪಡಿಸಿ, ತಣಿಸಿ, ಪರೀಕ್ಷೆಗೆಂದು ಸೀಸೆಗೆ ಹಿಡಿಯುವುದು ನನ್ನ ಉದ್ಯೋಗ. ಸೀಸೆಯಲ್ಲಿರುವುದು ಇಡೀ ಪೈಪಿನ ಪರವಾಗಿ ಸಾಕ್ಷಿ ಹೇಳಬೇಕು. ನನ್ನವು ಸುಳ್ಳುಸಾಕ್ಷಿ ಹೇಳುತ್ತಿದ್ದವು.

ಕಾರಣ, ಸಂಸ್ಕಾರ. ಕೊತ್ತತ್ತಿಯ ನಮ್ಮ ಆಲೆಮನೆಯಲ್ಲಿ ಗಾಣದಿಂದಿಳಿದ ಮೊದಲ ಕಬ್ಬಿನ ಹಾಲು ದೇವರಿಗೆ. ಚೆಲ್ಲಿದವನಿಗೆ ಅಂದು ಊಟವಿಲ್ಲ. ಇಲ್ಲೂ ನಲ್ಲಿ ತಿರುಗಿಸಿದೊಡನೆ ಬಂದದ್ದನ್ನೇ ಭಕ್ತಿಯಿಂದ ಹಿಡಿದೆ. ನಮ್ಮ ಮುಖ್ಯ ರಸಾಯನಶಾಸ್ತ್ರಜ್ಞೆ ವಂಜಿರು, "ಇದು ಕೊಳವೆಯಲ್ಲಿ ನಿಂತಿದ್ದ ಹಳಸಲು. ಪೋಲೆ ಪೋಲೆ" ಎಂದರು. ಅಂದರೆ ನಿಧಾನ, ನಿಧಾನ. ಕಿವಿ ಕೇಳಿತು, ಕೈ ಕೇಳಬೇಕಲ್ಲ! ಒಂದಿಷ್ಟು ಚೆಲ್ಲುವಷ್ಟರಲ್ಲಿ ಸೀಸೆ ಒಡ್ಡಿ ಹಿಡಿದುಬಿಡುತ್ತಿದ್ದೆ. ಕೊನೆಗೆ ಅವರು, "ಶುಕ್ರವಾರವೂ ಹೀಗಾದರೆ ನಿಮ್ಮನ್ನು ಊರಿಗೆ ಕಳಿಸಬೇಕಾಗುತ್ತದೆ" ಎಂದರು. ಕೆಲಸ ಖಾಯಂ ಆದರೆ ಮಾತ್ರ ಮದ್ದೂರಿನಲ್ಲಿದ್ದ ಹೆಂಡತಿ ಸಾವಿತ್ರಿ ಇಲ್ಲಿಗೆ ಬರುವಂತಿತ್ತು.

ಸಂಜೆ ಉಗಾಲಿ ತಿಂದೆ. ಅದು ಮುಸುಕಿನ ಜೋಳದ ಮುದ್ದೆ. ಬಣ್ಣ ಬಿಳಿ, ವಂಶ ನಮ್ಮದೇ. ಇವರು ಅಗಿದು ತಿನ್ನುತ್ತಾರೆ. ನುಂಗುವವನು ಈ ಸೀಮೆಗೆಲ್ಲ ನಾನೊಬ್ಬನೇ. ಆಮೇಲೆ ಸಾವಿತ್ರಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ.

"ಚೆಲ್ಲಕ್ಕೆ ಅಷ್ಟ್ ಸಂಕಟ್ವಾ? ಭೂಮ್ತಾಯ್ಗೆ ಕೊಟ್ಟೆ ಅಂದ್ಕಂಡ್ ಬುಡ್ರೀ. ಅವ್ಳ್ದೇ ತಾನೆ ನೀರು?"

"ಎಷ್ಟೊತ್ತು ಬುಡ್ಲಿ?"

"ಅವ್ಳ ಒಟ್ಟೆ ತುಂಬೋಗಂಟ! ಅದ್ನೂ ನಾನೇ ಯೋಳ್ಬೇಕಾ? ನಾನ್ ಅಲ್ಲಿಗ್ ಬರ್ಬೇಕೋ ಬ್ಯಾಡ್ವೋ?"

ಶುಕ್ರವಾರ ಭೂಮ್ತಾಯಿಗೆ ಯಥೇಚ್ಛವಾಗಿ ಸಮರ್ಪಿಸಿದೆ. ಹರಿವೂ ಬಿಸಿಯೂ ಒಂದೇ ಸಮನಾಗುವವರೆಗೆ ಕಾದೆ.

"ಏನು ಗೊಣಗುತ್ತಿದ್ದೀರಿ?" ಎಂದರು ವಂಜಿರು.

ಹೇಳಿದೆ. ಅವರು ನಗಲಿಲ್ಲ. "ನಮ್ಮಜ್ಜನೂ ಕುಡಿಯುವ ಮುನ್ನ ಮೊದಲ ಗುಟುಕು ನೆಲಕ್ಕೇ ಬಿಡುತ್ತಿದ್ದರು."

ಹಬೆಯನ್ನೊಂದು, ನೀರನ್ನೊಂದು ಸೀಸೆಗೆ ಹಿಡಿದೆ. ತುಸು ಬಿಟ್ಟು ಮತ್ತೆ ಹಿಡಿದೆ. ಪ್ರಯೋಗಾಲಯದಲ್ಲಿ ಎರಡು ಸಲದವೂ ಒಂದೇ ಮಾತು ಹೇಳಿದವು. ಕೆಲಸ ಖಾಯಂ ಆಯಿತು.

ಅಂದೇ ಇಬ್ಬರಿಗೆ ಸಾಲುವ ಮನೆ ಹಿಡಿದೆ. ಆಮೇಲೆ ಊರಿನ ಅಣ್ಣನಿಗೆ ಫೋನ್ ಮಾಡಿ, ನಾಲೆ ನೀರಿನಲ್ಲಿ ನನ್ನ ಗದ್ದೆಯ ಸರದಿಯನ್ನು ಯಾರಿಗೂ ಬಿಟ್ಟುಕೊಡಬೇಡ ಎಂದೆ.

"ಲೇ, ಅಲ್ಲೇ ಮನೆ ಮಾಡ್ದೆ ಅಂತೀಯ, ಇಲ್ಲಿ ಸರದೀನೂ ಬೇಕೇನ್ಲಾ?"

"ಬೇಕು ಕಣಣ್ಣ. ನೀರ್ ತಿರುಗ್ಸ್ದಾಗ ಒಂದ್ ಫೋನ್ ಮಾಡು. ಸದ್ದು ಕೇಳಿಸ್ಕತೀನಿ."