ಕೋಲಿನಷ್ಟು ದಾರಿ

ಕಾಫಿ ಲೋಟ ಹಿಡಿದರೆ ಅವರ ಕೈ ನಡುಗುತ್ತಿತ್ತು. ಸಣ್ಣ ನಡುಕವಲ್ಲ, ಲೋಟದ ಅಂಚಿನಿಂದ ಕಾಫಿ ತುಳುಕಿ ಮುಂಗೈ ಮೇಲೆ ಇಳಿಯುವಷ್ಟು. ಅದಕ್ಕೇ ಯಾವ ಮನೆಗೆ ಹೋದರೂ ಅವರಿಗೆ ಅರ್ಧ ಲೋಟ. "ಅರ್ಧ ಸಾಕು ಅಕ್ಕ, ಪೂರ್ತಿ ಕೊಟ್ರೆ ಬಾಕಿ ಅರ್ಧ ನಿಮ್ಮ ಜಗಲಿಯೇ ಕುಡಿಯೋದು" ಎನ್ನುತ್ತಿದ್ದರು. ಮೂವತ್ತು ವರ್ಷ ಗದ್ದೆ ಹೂಡುವ ಟಿಲ್ಲರಿನ ಹಿಡಿಕೆ ಹಿಡಿದು ಹಿಡಿದು ಆ ಯಂತ್ರದ ಅದುರು ಅವರ ಮೈಯಲ್ಲೇ ಉಳಿದುಬಿಟ್ಟಿತ್ತು. ವಿಚಿತ್ರವೆಂದರೆ, ಟಿಲ್ಲರ್ ಚಾಲೂ ಮಾಡಿ ಹಿಡಿಕೆಗೆ ಕೈ ಹಾಕಿದ ಕ್ಷಣ ನಡುಕ ನಿಂತುಹೋಗುತ್ತಿತ್ತು. ಆಮೇಲೆ ಸಂಜೆಯವರೆಗೂ ಆ ಕೈ ತಪ್ಪಿದ್ದನ್ನು ನಾನು ನೋಡಿಲ್ಲ.

ನಮ್ಮ ಊರಿಗೆಲ್ಲ ಅವರು ಟಿಲ್ಲರಣ್ಣ. ನಮ್ಮದು ಬಸರೀಕಟ್ಟೆಯಿಂದ ಒಳಗೆ, ಎರಡು ಗುಡ್ಡಗಳ ನಡುವೆ ಸಿಕ್ಕಿಕೊಂಡಿರುವ ಒಂದು ಇಕ್ಕಟ್ಟಿನ ಬೈಲು. ನಾಲ್ಕು ಮನೆಯವರ ಗದ್ದೆಗಳು ಒಂದರ ಮೇಲೊಂದು ಮೆಟ್ಟಿಲಾಗಿ ನಿಂತಿವೆ. ಕೆಳಗಿನ ಗದ್ದೆ ರಸ್ತೆಗೆ ತಾಗಿದೆ. ಮೇಲಿನದು, ಎಲ್ಲಕ್ಕಿಂತ ಒಳಗಿನದು, ನಮ್ಮದು. ಹಿಂದೆ ಗುಡ್ಡ, ಎಡಕ್ಕೆ ಹಳ್ಳ, ಬಲಕ್ಕೆ ಕಾಫಿ ತೋಟದವರು ತೋಡಿಸಿದ ಆಳದ ಅಗಳು. ನಡೆದು ಹೋಗುವವರಿಗೆ ಬದುವಿನ ಮೇಲೆ ಕಾಲು ದಾರಿ ಇದೆ. ಯಂತ್ರ ಹೋಗಬೇಕಾದರೆ ಮಾತ್ರ ಮೂರು ಮನೆಯವರ ಗದ್ದೆಯೊಳಗೇ ಇಳಿದು ಹತ್ತಿ ಬರಬೇಕು. ಅವರು ಸಸಿ ಊರಿ ನೆಟ್ಟಿ ಮಾಡಿದರೆಂದರೆ ಆ ದಾರಿ ಕೊಯ್ಲಿನವರೆಗೂ ಮುಚ್ಚಿದ ಹಾಗೆ.

ಹಾಗಾಗಿ ಟಿಲ್ಲರಣ್ಣನದು ಒಂದೇ ಕಾನೂನು. ಹೂಟಿ ಒಳಗಿಂದ ಹೊರಗೆ. ಮೊದಲು ನಮ್ಮದು ಹೂಡಿ, ಆಮೇಲೆ ಕೆಳಗಿನದು, ಅದರ ಕೆಳಗಿನದು, ಹೀಗೆ ಇಳಿಯುತ್ತ ರಸ್ತೆ ಮುಟ್ಟುವುದು. ಮಳೆಗಾಲಕ್ಕೆ ಮುಂಚೆ ಅಡಿಕೆ ದಬ್ಬೆಯ ಒಂದು ಕೋಲು ಹಿಡಿದು ಬೈಲು ಪೂರ್ತಿ ನಡೆಯುತ್ತಿದ್ದರು. ಕೋಲಿನ ಮೇಲೆ ಕತ್ತಿಯಿಂದ ಕೊರೆದ ಒಂದು ಗುರುತು. ಅದು ಅವರ ಟಿಲ್ಲರಿನ ಅಗಲ. ಬದು ಎಲ್ಲಿ ಕಡಿಯಬೇಕು, ಹಲಗೆ ಎಲ್ಲಿ ಹಾಸಬೇಕು, ಎಲ್ಲ ಆ ಕೋಲಿನಿಂದ ತೀರ್ಮಾನ. "ಒಳಗೆ ಹೊಗ್ಗೋದು ಎಂಥವನಿಗೂ ಬತ್ತದೆ ಅಕ್ಕ. ಹೊರಗೆ ಬರೋ ದಾರಿ ನೋಡ್ಕಂಡು ಹೊಗ್ಬೇಕು" ಎನ್ನುವುದು ಅವರ ಮಾತು. ನಾನು ಸೊಸೆಯಾಗಿ ಬಂದ ವರ್ಷವೂ ಅದನ್ನೇ ಹೇಳಿದ್ದರು. ಮದುವೆಯ ಬಗ್ಗೆ ಹೇಳಿದ್ದೆಂದು ತಿಳಿದು ನನಗೆ ಸಿಟ್ಟು ಬಂದಿತ್ತು.

ನನ್ನ ಗಂಡ ಖಾಸಗಿ ಬಸ್ಸಿನ ಡ್ರೈವರು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಮತ್ತೆ ವಾಪಸ್ಸು. ಅವರಿಗೆ ಆ ದಾರಿಯ ಪ್ರತಿ ಗುಂಡಿಯೂ ಗೊತ್ತು, ಸ್ವಂತ ಗದ್ದೆಯಲ್ಲಿ ಎಷ್ಟು ಮಡಿ ಇದೆ ಎನ್ನುವುದು ಗೊತ್ತಿಲ್ಲ. ಬೇಸಾಯವೆಲ್ಲ ನನ್ನ ತಲೆ ಮೇಲೆ. ಒಳಗಿನ ಗದ್ದೆಯವಳೆಂದರೆ ಮೊದಲ ಸರದಿ, ನೋಡುವವರಿಗೆ ಅದೊಂದು ಮರ್ಯಾದೆ. ಅನುಭವಿಸುವವಳಿಗೆ ಅದು ಕೊರಳಿನ ಹಗ್ಗ. ಮಳೆ ಸರಿಯಾಗಿ ಹಿಡಿಯುವ ಮೊದಲೇ ನನ್ನ ಸಸಿ ಸಿದ್ಧವಿರಬೇಕು. ನಾನು ತಡ ಮಾಡಿದರೆ ಕೆಳಗಿನ ಮೂರು ಮನೆಯವರೂ ಕೈಕಟ್ಟಿ ಕೂರಬೇಕು. ತವರಿಗೆ ಹೋಗುವುದು, ಜ್ವರ ಬರುವುದು, ಯಾವುದನ್ನೂ ಆ ಹದಿನೈದು ದಿನಗಳಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ನನ್ನ ಸ್ವಂತ ತಂಗಿಯ ಮದುವೆ ಶೃಂಗೇರಿಯಲ್ಲಿ ನಡೆದಾಗ ಧಾರೆಗೆ ನಿಂತು, ಊಟಕ್ಕೆ ಕೂರದೆ, ಗಂಡನ ಬಸ್ಸಿಗೇ ಹತ್ತಿ ವಾಪಸ್ಸು ಬಂದಿದ್ದೆ.

ಒಂದು ವರ್ಷ ಟಿಲ್ಲರಣ್ಣನಿಗೇ ಜ್ವರ ಬಂತು. ಹತ್ತು ದಿನ ಹಾಸಿಗೆ ಹಿಡಿದರು. ನನ್ನ ಸಸಿ ಮಡಿಯಲ್ಲೇ ಬಲಿತು ಹಳದಿಯಾಯಿತು. ಆ ವರ್ಷ ಭತ್ತಕ್ಕಿಂತ ಜೊಳ್ಳೇ ಹೆಚ್ಚು. ಆಗ ಗಂಡ ನರಸಿಂಹರಾಜಪುರದ ಅಂಗಡಿಯೊಂದರಿಂದ ಸಣ್ಣ ಟ್ರ್ಯಾಕ್ಟರಿನ ಚಿತ್ರದ ಕಾಗದ ತಂದು ಕೊಟ್ಟರು. ಗಿಡ್ಡ ಗಾತ್ರ, ನಾಲ್ಕೂ ಚಕ್ರಕ್ಕೆ ಎಳೆತ, ಹಿಂದೆ ಮಣ್ಣು ಕಲಸುವ ರೋಟವೇಟರು. ಆ ಕಾಗದವನ್ನು ನಾನು ಎಷ್ಟು ಸಲ ಮಡಿಸಿ ಬಿಡಿಸಿದೆನೆಂದರೆ ಟ್ರ್ಯಾಕ್ಟರಿನ ನಡುಮಧ್ಯೆಯೇ ಹರಿದುಹೋಯಿತು. ತೆಗೆದುಕೊಳ್ಳಲೋ ಬೇಡವೋ? ಗಂಡನನ್ನು ಕೇಳಿದರೆ "ನಂಗೆ ಟಾರ್ ರೋಡಿನ ವಿಷ್ಯ ಕೇಳು, ಹೇಳ್ತೀನಿ" ಅಂದರು. ಕೊನೆಗೆ ಟಿಲ್ಲರಣ್ಣನನ್ನೇ ಕರೆದು ಚಿತ್ರ ತೋರಿಸಿದೆ.

ಅವರು ಕಾಗದವನ್ನು ಜಗಲಿ ಮೇಲೆ ಹರಡಿ ತುಂಬ ಹೊತ್ತು ನೋಡಿದರು. "ಒಳ್ಳೆ ಗಾಡಿ. ಎಂಥ ತೊಂದ್ರೆಯೂ ಇಲ್ಲ" ಅಂದರು. "ಆದ್ರೆ ಟಿಲ್ಲರ್ ಸಿಕ್ಕಿಹಾಕ್ಕಂಡ್ರೆ ಆರು ಜನ ಎತ್ತಿ ಬದು ದಾಟಿಸ್ಬಹುದು. ಇದನ್ನ ಎತ್ತಕ್ಕಾಗಲ್ಲ. ಮೊದ್ಲು ಕೆಳಗಿನ ಮೂರೂ ಮನೆಗೆ ಹೋಗಿ ದಾರಿ ಕೇಳಿ ಅಕ್ಕ. ಆಮೇಲೆ ಗಾಡಿ ಕೇಳಿ."

ದಾರಿ ಕೇಳುವುದೆಂದರೆ, ಪ್ರತಿವರ್ಷ ಅವರವರ ಗದ್ದೆಯ ಅಂಚಿನಲ್ಲಿ ಒಂದು ಪಟ್ಟಿಯನ್ನು ನೆಡದೆ ನನಗಾಗಿ ಬಿಡಿ ಎಂದು ಬೇಡುವುದು. ಬೇಡುವ ಜಾತಕ ನನ್ನದಲ್ಲ. ಅದರಲ್ಲೂ ನಮ್ಮ ಗದ್ದೆಗೆ ತಾಗಿದ ಕೆಳಗಿನ ಮನೆಯ ಹಿರಿಯರಿಗೂ ನಮ್ಮ ಅತ್ತೆಗೂ ನೀರು ಬಿಡುವ ವಿಷಯದಲ್ಲಿ ದೊಡ್ಡ ಜಗಳವಾಗಿತ್ತು. ಅತ್ತೆ ಹೋದರೂ ಜಗಳವನ್ನು ನನಗೆ ಬಿಟ್ಟು ಹೋಗಿದ್ದರು. ಆ ಜಗಲಿ ಹತ್ತುವುದನ್ನು ನೆನೆಸಿಕೊಂಡೇ ನನಗೆ ಮೈ ಉರಿಯಿತು. ಉರಿ ಎದುರಿಗಿದ್ದವರ ಮೇಲೆ ಬಿತ್ತು.

"ನಾನು ಟ್ರ್ಯಾಕ್ಟರ್ ತಗೊಂಡ್ರೆ ನಿಮ್ಮ ಹೂಟಿ ಹೋಗ್ತದೆ. ಅದಕ್ಕೇ ದಾರಿ ಗೀರಿ ಅಂತ ಕಥೆ ಹೇಳ್ತಿದೀರಿ" ಅಂದೆ.

ಅವರು ಲೋಟ ಕೆಳಗಿಟ್ಟರು. ಅರ್ಧದಲ್ಲೂ ಒಂದಿಷ್ಟು ಚೆಲ್ಲಿತು. ಹೆಗಲ ಮೇಲಿನ ಬಟ್ಟೆಯಿಂದ ಅದನ್ನು ಒರೆಸಿದರು. "ಇರ್ಬಹುದು ಅಕ್ಕ. ನಂಗೂ ಹೊಟ್ಟೆ ಇದೆ" ಅಂದರು. "ಆದ್ರೂ ದಾರಿ ಕೇಳಿ." ಅಷ್ಟು ಹೇಳಿ ಕೋಲು ತೆಗೆದುಕೊಂಡು ಹೋದರು.

ನಾನು ದಾರಿ ಕೇಳಲಿಲ್ಲ. ಅಂಗಡಿಯವರಿಗೆ ಫೋನು ಮಾಡಿ, ಕೊಳ್ಳುವ ಮೊದಲು ಒಂದು ದಿನ ಗದ್ದೆಗೆ ಇಳಿಸಿ ತೋರಿಸಿ ಎಂದೆ. ಟಿಲ್ಲರಣ್ಣನಿಗೆ ಈ ಸಲ ನಮ್ಮದು ಬೇಡ, ಕೆಳಗಿನದು ಶುರು ಮಾಡಿ ಎಂದು ಹೇಳಿ ಕಳಿಸಿದೆ. ಅವರು ಮೂರೂ ಗದ್ದೆ ಹೂಡಿ ಮುಗಿಸಿದ ದಿನ ನನ್ನ ಟ್ರ್ಯಾಕ್ಟರ್ ಬಂತು. ಹೂಡಿದ ಕೆಸರಿನಲ್ಲಿ, ನೆಟ್ಟಿ ಇನ್ನೂ ಆಗದ ಗದ್ದೆಗಳನ್ನು ದಾಟಿ, ನಾಲ್ಕೂ ಚಕ್ರ ತಿರುಗಿಸುತ್ತ ಸಲೀಸಾಗಿ ಮೇಲೆ ಹತ್ತಿತು. ಟಿಲ್ಲರಿಗೆ ಎರಡು ದಿನ ಬೇಕಾಗುವ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಂಗಡಿಯ ಡ್ರೈವರನ್ನು ಕೆಳಗಿಳಿಸಿ ಸೀಟಿನ ಮೇಲೆ ಒಂದು ಗಳಿಗೆ ನಾನೇ ಕೂತೆ. ಇನ್ನು ಯಾರ ಸರದಿಯೂ ಇಲ್ಲ, ಯಾರ ಹಂಗೂ ಇಲ್ಲ ಅನ್ನಿಸಿತು. ದುರಾಸೆ ನೋಡಿ, ಅಲ್ಲಿಗೇ ಬಿಡಬಹುದಿತ್ತು. "ನಾಳೆ ಬೆಳಿಗ್ಗೆ ಇನ್ನೊಂದು ಸಾಲು ಹೊಡೆದು ಮಟ್ಟ ಮಾಡಿಕೊಟ್ಟು ಹೋಗಿ" ಅಂದೆ. ಡ್ರೈವರು ಗಾಡಿಯನ್ನು ಗದ್ದೆಯಲ್ಲೇ ಬಿಟ್ಟು ಬಸ್ಸು ಹತ್ತಿದ.

ಮರುದಿನ ಬೆಳಿಗ್ಗೆ ಮಳೆ ಕುಂಭದ್ರೋಣ. ಡ್ರೈವರನ ಫೋನು ಬಂತು. "ಅಕ್ಕ, ಈ ಮಳೇಲಿ ಇವತ್ತು ನನ್ನ ಕೈಲಾಗಲ್ಲ." ಅದೇ ಹೊತ್ತಿಗೆ ಕೆಳಗೆ ರಸ್ತೆಯಲ್ಲಿ ಎರಡು ಜೀಪು ನಿಂತವು. ನೆಟ್ಟಿಯ ಹೆಂಗಸರು. ನಮ್ಮ ಕಡೆ ನೆಟ್ಟಿಗೆ ಜನ ಸಿಗುವುದೆಂದರೆ ತಪಸ್ಸು. ಒಂದು ದಿನ ಬೇಡವೆಂದರೆ ಆ ಜೀಪು ಬೇರೆ ಊರಿಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ. ಮೂರು ಮನೆಯವರೂ ಸೇರಿ ಎರಡು ದಿನಕ್ಕೆ ಅವರನ್ನು ಗೊತ್ತು ಮಾಡಿದ್ದರು. ನಿಲ್ಲಿಸಿ ಎಂದು ಯಾವ ಬಾಯಲ್ಲಿ ಹೇಳಲಿ? ನಾನು ಬದುವಿನ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತೆ. ಒಂದು ಕಡೆ ಕೆಸರಿನಲ್ಲಿ ನಿಂತ ಬೇರೆಯವರ ಹೊಸ ಟ್ರ್ಯಾಕ್ಟರ್, ಇನ್ನೊಂದು ಕಡೆ ಒಂದೊಂದೇ ಸಾಲಾಗಿ ಮುಚ್ಚಿಕೊಳ್ಳುತ್ತಿರುವ ದಾರಿ. ಇನ್ನು ಐದು ತಿಂಗಳು ಗಾಡಿ ಅಲ್ಲೇ. ನಾನೇ ನನ್ನ ಗದ್ದೆಯೊಳಗೆ ಸಿಕ್ಕಿಬಿದ್ದಿದ್ದೇನೆ ಅನ್ನಿಸಿತು. ಟಿಲ್ಲರಣ್ಣ ರಸ್ತೆ ಬದಿಯಲ್ಲಿ ಟಿಲ್ಲರ್ ತೊಳೆಯುತ್ತಿದ್ದುದು ಕಾಣುತ್ತಿತ್ತು. ಅವರನ್ನು ಕರೆಯುವ ಮುಖ ನನಗಿರಲಿಲ್ಲ.

ಎರಡನೆಯ ದಿನ ನೆಟ್ಟಿ ಮುಗಿದು ಜೀಪುಗಳು ಹೋದ ಮೇಲೆ ನೋಡಿದೆ. ಮೂರೂ ಗದ್ದೆಯಲ್ಲಿ ಹಳ್ಳದ ಬದಿಯ ಅಂಚಿಗೆ ಒಂದು ಪಟ್ಟಿ ಕೆಸರು ಹಾಗೇ ಉಳಿದಿತ್ತು. ಸಸಿ ಸಾಲದೆ ಬಂತೇನೋ ಅಂದುಕೊಂಡೆ. ಮೂರನೆಯ ದಿನ ಮಳೆ ಬಿಟ್ಟಿತು, ಡ್ರೈವರು ಬಂದ. ಟ್ರ್ಯಾಕ್ಟರ್ ಆ ಪಟ್ಟಿಯ ಮೇಲೇ ಇಳಿದು, ಒಂದು ಸಸಿಯನ್ನೂ ಮೆಟ್ಟದೆ, ರಸ್ತೆ ಮುಟ್ಟಿತು. ಎರಡೂ ಕಡೆ ಒಂದೊಂದು ಗೇಣು ಜಾಗ ಮಿಕ್ಕಿತ್ತು.

ಆಮೇಲೆ ತಿಳಿಯಿತು. ಗಾಡಿ ರಾತ್ರಿಗೆ ಅಲ್ಲೇ ಉಳಿಯುತ್ತದೆಂದು ಗೊತ್ತಾದ ಸಂಜೆಯೇ ಟಿಲ್ಲರಣ್ಣ ಮೇಲೆ ಬಂದು, ಕೋಲಿನಿಂದ ಟ್ರ್ಯಾಕ್ಟರಿನ ಅಗಲ ಅಳೆದು, ಹಳೆಯ ಗುರುತಿನ ಪಕ್ಕ ಹೊಸದೊಂದು ಕೊರೆದುಕೊಂಡು, ಮೂರೂ ಮನೆಗೆ ಹೋಗಿ "ಇಷ್ಟು ಬಿಡಿ" ಎಂದು ಹೇಳಿ ಹೋಗಿದ್ದರು.

ಗಾಡಿ ಹೋದ ಅರ್ಧ ಗಂಟೆಗೆ ನಮ್ಮ ಅಂಗಳದಲ್ಲಿ ನಿಂತಿದ್ದರು. "ಅಕ್ಕ, ಒಂದಿಪ್ಪತ್ತು ಕಟ್ಟು ಸಸಿ ಕೊಡಿ." ಆ ಪಟ್ಟಿಗಳಿಗೆ ಸಸಿ ನೆಟ್ಟವರು ಅವರೇ. ನಮ್ಮ ಕಡೆ ಗಂಡಸರು ನೆಟ್ಟಿಗೆ ಬಗ್ಗುವುದಿಲ್ಲ. ದಾರಿಯಲ್ಲಿ ಹೋಗುವವರೆಲ್ಲ "ಎಂತ ಟಿಲ್ಲರಣ್ಣ, ಸೀರೆ ಯಾವಾಗ ಉಡೋದು?" ಎಂದು ತಮಾಷೆ ಮಾಡಿದರು. ಅವರು ನಕ್ಕು ಮುಂದಿನ ಸಸಿ ಊರಿದರು. ನಡುಗುವ ಕೈ, ಸಾಲೆಲ್ಲ ಸೊಟ್ಟ. ನಾನೂ ಇಳಿದು ಪಕ್ಕದಲ್ಲಿ ನೆಟ್ಟೆ. ತಪ್ಪಾಯಿತು ಎಂದು ಹೇಳಲೇಬೇಕೆಂದು ಮೂರು ಗದ್ದೆ ದಾಟುವವರೆಗೂ ನೆನೆಸಿದೆ. ರಸ್ತೆ ಬಂತು, ಮಾತು ಬರಲಿಲ್ಲ.

ಟ್ರ್ಯಾಕ್ಟರ್ ತೆಗೆದುಕೊಳ್ಳಲಿಲ್ಲ. ಕೃತಜ್ಞತೆಯಿಂದಲ್ಲ, ನಾಚಿಕೆಯಿಂದ. ಮುಂದಿನ ವರ್ಷ ಮತ್ತೆ ಮೊದಲ ಸರದಿ, ಮತ್ತೆ ಅದೇ ಹದಿನೈದು ದಿನ. ಹೂಟಿಗೆ ಬಂದ ದಿನ ಅವರು ಅರ್ಧ ಲೋಟ ಕಾಫಿ ಕುಡಿದು ಕೇಳುತ್ತಿದ್ದರು: "ದಾರಿ ಕೇಳಿದ್ರಾ ಅಕ್ಕ?" ನಾನು "ಕೇಳ್ತೀನಿ" ಎನ್ನುತ್ತಿದ್ದೆ. "ಕೇಳಿ. ನನ್ನ ಕೈ ಇನ್ನೆಷ್ಟು ಮಳೆ ಬಾಳ್ತದೆ?" ಎನ್ನುತ್ತಿದ್ದರು. ಐದು ವರ್ಷ, ವರ್ಷಕ್ಕೊಂದು ಸಲ, ತಪ್ಪದೆ. ಚುಚ್ಚುತ್ತಿದ್ದಾರೆ ಎಂದುಕೊಂಡು ನಾನು ಒಳಗೆ ಹೋಗಿಬಿಡುತ್ತಿದ್ದೆ.

ಹೋದ ವರ್ಷ ನೆಟ್ಟಿ ಮುಗಿದು ಬೈಲೆಲ್ಲ ಹಸುರಾದ ಮೇಲೆ ಅವರು ತೀರಿಕೊಂಡರು. ಎದೆನೋವು ಎಂದರಂತೆ, ಕೊಪ್ಪದ ಆಸ್ಪತ್ರೆ ಮುಟ್ಟಲಿಲ್ಲ. ಹನ್ನೆರಡು ದಿನ ಕಳೆದ ಮೇಲೆ ಅವರ ಹೆಂಡತಿ ಆ ಕೋಲು ತಂದು ನನ್ನ ಕೈಗಿಟ್ಟರು. "ಒಳಗಿನ ಗದ್ದೆ ಅಕ್ಕಂಗೆ ಕೊಡು ಅಂತ ಯಾವಾಗ್ಲೋ ಅಂದಿದ್ರು." ನಾನು ಆಗಲೂ ಅಳಲಿಲ್ಲ. ಇನ್ನು ಹೂಡುವವರು ಯಾರು ಎನ್ನುವ ಚಿಂತೆಯೇ ದೊಡ್ಡದಾಗಿತ್ತು.

ಈ ವರ್ಷ ಟ್ರ್ಯಾಕ್ಟರ್ ಬಿಟ್ಟು ಬೇರೆ ದಾರಿ ಇರಲಿಲ್ಲ. ಮಳೆಗೆ ಮುಂಚೆ ಆ ಕೋಲು ಹಿಡಿದುಕೊಂಡು ಹೊರಟೆ. ರಸ್ತೆ ಬದಿಯ ಮನೆಯವರು ನಾನು ಬಾಯಿ ತೆಗೆಯುವ ಮೊದಲೇ ಆಗಲಿ ಎಂದರು. ಎರಡನೆಯ ಮನೆಯವರೂ ಅಷ್ಟೇ. ಇಷ್ಟು ಸುಲಭವಾಗಿ ಒಪ್ಪುತ್ತಾರೆಂದರೆ ಏನೋ ಇದೆ ಎಂದು ನನಗೆ ಅನುಮಾನವೇ ಬಂತು. ಕೊನೆಗೆ ಆ ಜಗಳದ ಮನೆಯ ಜಗಲಿ ಹತ್ತಿದೆ. ಹಿರಿಯರು ನನ್ನ ಕೈಯಿಂದ ಕೋಲು ತೆಗೆದುಕೊಂಡು ಎರಡನೆಯ ಗುರುತಿನ ಮೇಲೆ ಹೆಬ್ಬೆರಳು ಸವರಿದರು.

"ನೀನು ಬರೋದು ತಡ ಆಯ್ತು ಮಾರಾಯ್ತಿ" ಅಂದರು. "ಟಿಲ್ಲರಣ್ಣ ನಮ್ಮ ಮೂರೂ ಮನೆಗೆ ಬಂದು ಪ್ರತಿವರ್ಷವೂ ಇಷ್ಟು ಅಗಲ ಬಿಡೋಕೆ ಒಪ್ಪಿಸಿ ಹೋಗಿದ್ದ. ಆ ಗಾಡಿ ಸಿಕ್ಕಿಬಿದ್ದ ವರ್ಷವೇ."

"ಮತ್ತೆ ಯಾಕೆ ಯಾರೂ ನಂಗೆ ಹೇಳ್ಲಿಲ್ಲ?"

"ಅವನೇ ಬೇಡ ಅಂದಿದ್ದ. ಕೇಳದೆ ಕೊಟ್ಟ ದಾರಿ ಎರಡು ಮಳೆಗೆ ನಿಲ್ಲಲ್ಲ, ಅಕ್ಕ ಅವರಾಗಿ ಬಂದು ಕೇಳ್ಲಿ, ಕೇಳಿದ ದಿನ ಇಲ್ಲ ಅನ್ಬೇಡಿ ಅಂದ. ನಾವೂ ಪ್ರತಿವರ್ಷ ನೀನು ಬತ್ತಿ ಅಂತ ನೋಡ್ತಾನೇ ಇದ್ವಿ."

ತನ್ನ ಹೂಟಿ ಹೋಗುತ್ತದೆಂದು ಗೊತ್ತಿದ್ದೇ ಆ ಮನುಷ್ಯ ನನಗೆ ದಾರಿ ಮಾಡಿಟ್ಟು, ಅದನ್ನು ಕೇಳಿದಿರಾ ಎಂದು ಐದು ವರ್ಷ ಕೇಳಿದ್ದರು. ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಒಳಗಿಂದ ಕಾಫಿ ಬಂತು, ಪೂರ್ತಿ ಲೋಟ. ಹಿಡಿದುಕೊಂಡೆ. ಕೈ ನಡುಗಿ ಅರ್ಧವನ್ನು ಅವರ ಜಗಲಿಯೇ ಕುಡಿಯಿತು.