ಗಿರಿಜಾ ನಿಂತ ಜಾಗ

ಮೊನ್ನೆ ಹತ್ತಿರದ ಸಬರ್ಬ್ ಟೂಂಗಾಬಿಯಲ್ಲಿ ಚಪ್ಪಲಿ ಅಂಗಡಿಯೊಳಗೆ ಕಾಲಿಟ್ಟೆನೋ ಇಲ್ಲವೋ, ಹೊಸ ತೊಗಲಿನ ವಾಸನೆ ಮೂಗಿಗೆ ಬಡಿದು ಒಬ್ಬಳೇ ನಗತೊಡಗಿದೆ. ಅಂಗಡಿಯವನು ತನ್ನ ಷರ್ಟಿನ ಮೇಲೆ ಏನಾದರೂ ಚೆಲ್ಲಿದೆಯೇ ಎಂದು ನೋಡಿಕೊಂಡ. ಅದು ಗಿರಿಜಾಳ ಬೇಸ್‌ಬಾಲ್ ಗ್ಲೌಸಿನ ವಾಸನೆ ಎಂದು ಪಾಪ, ಅವನಿಗೆ ಹೇಗೆ ಹೇಳಲಿ?

ಗಿರಿಜಾ ಹುಬ್ಬಳ್ಳಿಯವಳು, ಹಲ್ಲಿನ ಡಾಕ್ಟರು. ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದಳು. ನಲವತ್ತಕ್ಕೆ ಕಾಲಿಡುವಾಗ ಇದ್ದಕ್ಕಿದ್ದಂತೆ ಹೆಂಗಸರ ಬೇಸ್‌ಬಾಲ್ ತಂಡ ಸೇರಿಬಿಟ್ಟಳು. ಓಡುವವರು ಮುಟ್ಟಬೇಕಾದ ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಜಾಗ ಅವಳದು. ಚೆಂಡು ಗುಂಡಿನ ಹಾಗೆ ನುಗ್ಗುವುದು ಹೆಚ್ಚಾಗಿ ಅತ್ತಲೇ. ನಾನು ಸ್ಕೋರು ಬರೆಯಲು ಹೋಗುತ್ತಿದ್ದೆ. ನಾನು ಬರೆದ ಹಾಳೆಯಲ್ಲಿ ಎರಡೂ ತಂಡಗಳು ಗೆದ್ದದ್ದುಂಟು. ಚೆಂಡು ಹಿಡಿದವರಿಗೆಲ್ಲ ಅವಳು "ಒಗೀ! ಲಗೂ ಒಗೀ!" ಎಂದು ಕೂಗುವಳು. ಒಂದೇ ತಿಂಗಳಲ್ಲಿ ಇಡೀ ತಂಡ ಹುಬ್ಬಳ್ಳಿ ಕನ್ನಡದಲ್ಲಿ ಚೆಂಡು ಎಸೆಯತೊಡಗಿತು.

ಆರು ವರ್ಷ ಆಡಿದ ಮೇಲೆ ಮಂಡಿ ಕೈಕೊಟ್ಟಿತು. ಅದೇ ವರ್ಷ ಗಂಡನ ಕೆಲಸಕ್ಕಾಗಿ ಮೆಲ್ಬರ್ನ್‌ನ ಟ್ರುಗನಿನಾಕ್ಕೆ ಹೋದಳು. "ಬರೇ ನಿಂತು ನೋಡೂದು ನನ್ನ ಕೈಲೆ ಆಗೂದಿಲ್ಲ" ಎಂದು ಫೋನಿನಲ್ಲಿ ಅತ್ತಳು. ಅಲ್ಲಿ ಸೋಲನ್ನೇ ಅಭ್ಯಾಸ ಮಾಡಿಕೊಂಡಿದ್ದ ತಂಡವೊಂದು ಅವಳನ್ನು ಆಟ ಕಲಿಸಿ ನಡೆಸುವ ಮ್ಯಾನೇಜರ್ ಆಗು ಎಂದು ಕೇಳಿತು. ಒಲ್ಲೆ ಒಲ್ಲೆ ಎನ್ನುತ್ತಲೇ ಒಪ್ಪಿದಳು. ಎರಡು ವರ್ಷಕ್ಕೆ ಆ ತಂಡ ಫೈನಲ್ ತಲುಪಿತು. ನಾನು ವಿಮಾನ ಹತ್ತಿದೆ.

ಕೊನೆಯ ಇನಿಂಗ್ಸ್. ನಮ್ಮವರು ಒಂದೇ ರನ್ ಮುಂದೆ. ಮೂರೂ ಬೇಸುಗಳಲ್ಲಿ ಎದುರಾಳಿಗಳು; ಇನ್ನಿಬ್ಬರು ಔಟಾದರೆ ಕಪ್ ನಮ್ಮದು. ಶಾರ್ಟ್‌ಸ್ಟಾಪ್ ಎಮಾ, ಇಪ್ಪತ್ತರ ಹುಡುಗಿ, ಆಗಲೇ ಎರಡು ಚೆಂಡು ಕೈಬಿಟ್ಟು ಕಣ್ಣು ತುಂಬಿಕೊಂಡಿದ್ದಳು. ಆಟಗಾರರ ಪಟ್ಟಿಯಲ್ಲಿ ಗಿರಿಜಾಳ ಹೆಸರೂ ಇತ್ತು.

"ನೀನೇ ಇಳಿಯೇ!" ಎಂದೆ.

ಅವಳು ಕುಂಟುತ್ತ ಎಮಾಳ ಬಳಿ ಹೋಗಿ, ಏನೋ ಹೇಳಿ, ವಾಪಸು ಬಂದು ನನ್ನ ಪಕ್ಕ ಕೂತಳು.

"ಏನಂದೆ?"

"ಚೆಂಡು ಬರ್ತದ, ಅಂಜಬ್ಯಾಡ ಅಂದೆ."

"ಕನ್ನಡದಲ್ಲೇನೇ?"

"ಅಯ್ಯ, ಇಂಥಾ ಹೊತ್ತಿನ್ಯಾಗ ಇಂಗ್ಲಿಷ್ ಯಾರಿಗೆ ನೆನಪಿರ್ತದ!"

ಚೆಂಡು ಬಂತು, ನೇರ ಎಮಾಳ ಕಡೆಗೇ. ಬಗ್ಗಿ ಹಿಡಿದಳು, ಎರಡನೇ ಬೇಸಿಗೆ ಎಸೆದಳು, ಅಲ್ಲಿಂದ ಮೊದಲನೆಯದಕ್ಕೆ. ಓಡಿ ಬರುತ್ತಿದ್ದವರಿಗಿಂತ ಮೊದಲೇ ಎರಡೂ ಕಡೆ ಚೆಂಡು ತಲುಪಿತ್ತು. ಇಬ್ಬರೂ ಔಟ್, ಕಪ್ ನಮ್ಮದು! ಗಿರಿಜಾ ಮಂಡಿಯ ನೋವು ಮರೆತು ಓಡಿದಳು. ನಾನು ಪಕ್ಕದಲ್ಲಿದ್ದ ಅಜ್ಜನೊಬ್ಬನನ್ನು ತಬ್ಬಿಕೊಂಡು ಕುಣಿದೆ; ಆಮೇಲೆ ಗೊತ್ತಾಯಿತು, ಅವನು ಎದುರು ತಂಡದ ಕಡೆಯವನು.

"ನಾ ಆಡಿದಾಗೂ ಇಷ್ಟು ಖುಷಿ ಆಗಿದ್ದಿಲ್ಲ ನೋಡು," ಎಂದಳು ಗಿರಿಜಾ, ನಗುತ್ತ, ಅಳುತ್ತ.

ಇವತ್ತು ಬೆಳಿಗ್ಗೆ ನಮ್ಮ ಸಬರ್ಬ್‌ನ ಬೇಸ್‌ಬಾಲ್ ತಂಡದಲ್ಲಿ ಆಡಲು ನನ್ನ ಹೆಸರನ್ನೂ ಕೊಟ್ಟು ಬಂದೆ. ನನಗೀಗ ಐವತ್ತೆರಡು. "ಅಮ್ಮಾ, ಆರ್ ಯೂ ಸೀರಿಯಸ್?" ಎಂದಳು ಮಗಳು. ಶನಿವಾರ ಪ್ರಾಕ್ಟೀಸ್ ಇದೆ, ನೀವೂ ಬನ್ನಿ. ಸ್ವಲ್ಪ ದೂರವೇ ನಿಂತಿರಿ. ನನ್ನ ಎಸೆತ ಎತ್ತ ಹೋಗುತ್ತದೋ ನನಗೂ ಗೊತ್ತಿಲ್ಲ.